ಪಾರಿಸ ಮಾಸ್ತರರು ಒದರದ ದಿನ

ಹದಿನಾರು ಪುಟದ ಒಂದು ಹಸಿರು ಪುಸ್ತಕ ಪಾರಿಸ ಮಾಸ್ತರರ ನಿದ್ದೆ ಕೆಡಿಸಿ ಆಗಲೇ ಎಂಟು ದಿನವಾಗಿತ್ತು.

ಶಿರಗುಪ್ಪಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಈ ಮಾಸ್ತರರು ಇಪ್ಪತ್ನಾಲ್ಕು ವರ್ಷದಿಂದ ಅಲ್ಲಿನ ಸ್ಕೌಟ್ ದಳದ ಮುಖ್ಯಸ್ಥರು. ದೇಹ ಸಣಕಲು, ದನಿ ಮಾತ್ರ ಸಕ್ಕರೆ ಕಾರ್ಖಾನೆಯ ಪಾಳಿ ಬದಲಿಗೆ ಕೂಗುವ ಭೋಂಗಾ. ಅವರು ಮೈದಾನದಲ್ಲಿ ನಿಂತು "ಸಾವಧಾನ್!" ಎಂದರೆ ಮಕ್ಕಳಷ್ಟೇ ಅಲ್ಲ, ಕಂಪೌಂಡಿನ ಆಚೆ ಬೀಡಿ ಸೇದುತ್ತ ನಿಂತವರೂ ಕಾಲು ಜೋಡಿಸುತ್ತಿದ್ದರು. ಮದುವೆಯ ಊಟಕ್ಕೆ ಕೂತರೆ ಪಂಕ್ತಿಯನ್ನು ಸೀದಾ ಮಾಡಿಸದೆ ಅವರ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಒದರುವುದು ಅವರಿಗೆ ಉಸಿರಾಡಿದಷ್ಟೇ ಸಲೀಸು, ಆ ದಳವೆಂದರೆ ಜೀವ.

ಮೇಲಿನ ಕಚೇರಿಯಿಂದ ಈಗ ಬಂದ ಹಸಿರು ಪುಸ್ತಕ ಈ ಎರಡನ್ನೂ ಎದುರುಬದುರು ನಿಲ್ಲಿಸಿಬಿಟ್ಟಿತ್ತು. ಹೊಸ ಪದ್ಧತಿಯಂತೆ ಇನ್ನು ಮೇಲೆ ಮಾಸ್ತರರು ಮಕ್ಕಳಿಗೆ ಆರ್ಡರ್ ಕೊಡುವ ಹಾಗಿಲ್ಲ, ಬೈಯುವ ಹಾಗಿಲ್ಲ, 'ಬೇಡ' ಎನ್ನುವ ಹಾಗೂ ಇಲ್ಲ. ಎಲ್ಲವನ್ನೂ ಮಕ್ಕಳೇ ಮೀಟಿಂಗ್ ಮಾಡಿ, ಕೈ ಎತ್ತಿ ತೀರ್ಮಾನಿಸಬೇಕು. ಹಿರಿಯರು ಕೇಳಬಹುದಾದ ಪ್ರಶ್ನೆ ಒಂದೇ: "ನಿಮಗೆ ಏನನಿಸುತ್ತದೆ?" ಇಷ್ಟಾಗಿ ಮುಗಿಯಲಿಲ್ಲ. ಮೇಲಿನವರು ಒಂದು ದಿನ ಬಂದು ನೋಡುತ್ತಾರೆ. ಆ ದಿನದ ಕೊನೆಗೆ ದಳವನ್ನು ಮುಂದೆ ಯಾರು ನಡೆಸಬೇಕೆಂದು ಮಕ್ಕಳೇ ಚೀಟಿ ಬರೆದು ಹಾಕುತ್ತಾರೆ.

ಸ್ಪರ್ಧೆಗೆ ಇದ್ದವರು ಇಬ್ಬರು. ಒಬ್ಬರು ಪಾರಿಸ ಮಾಸ್ತರರು, ಇನ್ನೊಬ್ಬ ಹೋದ ವರ್ಷ ಬಂದ ಗಣಿತದ ಮಾಸ್ತರ ನಿಲೇಶ. ಚಿಕ್ಕೋಡಿಯಲ್ಲಿ ನಡೆದ ಎರಡು ದಿನದ ತರಬೇತಿಯಲ್ಲಿ ನಿಲೇಶ ಮುಂದಿನ ಸಾಲಿನಲ್ಲಿ ಕೂತು ಚಹಾದ ವೇಳೆಯನ್ನೂ ಬಿಡದೆ ಬರೆದುಕೊಂಡಿದ್ದ. ಪಾರಿಸ ಮಾಸ್ತರರು ಹಿಂದೆ ಕೂತು, ಕುರ್ಚಿಗಳನ್ನು ಓರೆಯಾಗಿ ಹಾಕಿದವನು ಯಾರು ಎಂದು ಎರಡು ದಿನವೂ ಹಲ್ಲು ಕಡಿದಿದ್ದರು.

ಮೇಲಿನವರು ನೋಡಲು ಬರುವ ಭಾನುವಾರ ಬಂದೇ ಬಂತು. ಮುಂಜಾನೆ ಮಾಸ್ತರರು ಕೊರಳಿಗೆ ಸ್ಕಾರ್ಫನ್ನು ಎರಡು ಸಲ ತಿರುವುಮುರುವಾಗಿ ಕಟ್ಟಿಕೊಂಡರು.

"ನಾಲಿಗಿ ತುರಸ್ತಂದ್ರ ಮನಸ್ಸಿನ್ಯಾಗ ಣಮೋಕಾರ ಮಂತ್ರ ಅನ್ರಿ," ಎಂದರು ಹೆಂಡತಿ ಸುಜಾತಾ. "ಬಾಯಿ ಮಾತ್ರ ತಗೀಬ್ಯಾಡ್ರಿ. ಪರ್ಯೂಷಣ ಹಬ್ಬದಾಗ ಮೂರ್ ಮೂರ್ ತಾಸು ಮೌನ ಇರ್ತೀರಲ್ಲ, ಹಂಗ ತಿಳ್ಕೋರಿ."

"ಅವಾಗ ನನ್ನ ಮುಂದ ಮೂವತ್ತೆರಡು ಹುಡುಗರು ಇರೂದಿಲ್ಲಬೇ," ಎಂದರು ಮಾಸ್ತರರು ಅಳುದನಿಯಲ್ಲಿ.

ನೆರೆಮನೆಯ ಭರಮು ಗೋಡೆಯ ಮೇಲಿಂದ ತಲೆ ಹಾಕಿದ. ಪಂಚಾಯತಿ ಇಲೆಕ್ಷನ್ನಿಗೆ ಮೂರು ಸಲ ನಿಂತು ಮೂರು ಸಲವೂ ಬಿದ್ದವನಾದ್ದರಿಂದ ರಾಜಕೀಯದಲ್ಲಿ ಅವನ ಸಲಹೆ ಎಲ್ಲರಿಗೂ ಪುಕ್ಕಟೆ ಸಿಗುತ್ತಿತ್ತು.

"ಮಾಸ್ತರ್ರ, ಇವತ್ತ ಅವು ಹುಡುಗರಲ್ರಿ, ಮತದಾರ ಪ್ರಭುಗಳು. ಓಟಿನ ದಿನ ಯಾರರ ಮತದಾರರಿಗೆ ಬೈತಾರೇನ್ರಿ? ಏನ್ ಮಾಡಿದ್ರೂ ನಕ್ಕೋತ ಇರ್ರಿ. ಬೈದವ ಬಿದ್ದಂಗ!"

ಮಾತು ಮಾಸ್ತರರ ಎದೆಗೆ ನಾಟಿತು.

ಎಂಟಕ್ಕೆ ಮೈದಾನದಲ್ಲಿ ನಾಲ್ಕು ತುಕಡಿಯ ಮೂವತ್ತೆರಡು ಹುಡುಗ ಹುಡುಗಿಯರು ಸೇರಿದ್ದರು. ನೋಡಲು ಬಂದ ನಾಮದೇವ ಸಾಹೇಬರು ತುಂಬಿದ ಮೈಯವರು. ಒಂದು ಕೈಯಲ್ಲಿ ಪ್ಯಾಡು, ಇನ್ನೊಂದರಲ್ಲಿ ಪೆನ್ನು ಹಿಡಿದು ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡರು. ಮಕ್ಕಳೆಲ್ಲ ಎಂದಿನ 'ಸಾವಧಾನ್'ಗೆ ಕಾಯುತ್ತ ಕಾಲನ್ನು ಅರ್ಧ ಎತ್ತಿ ನಿಂತಿದ್ದರು.

ಪಾರಿಸ ಮಾಸ್ತರರು ಎದೆ ತುಂಬ ಗಾಳಿ ಎಳೆದುಕೊಂಡರು. ಆಮೇಲೆ ಆ ಗಾಳಿಯನ್ನೆಲ್ಲ ಮೂಗಿನಿಂದ ಹೊರಗೆ ಬಿಟ್ಟು, ಮದುವೆಗೆ ಕರೆಯಲು ಬಂದವರ ದನಿಯಲ್ಲಿ ಕೇಳಿದರು: "ಮಕ್ಕಳೇ, ಈಗ ನಿಮಗ ಏನ ಅನಸ್ತೈತಿ?"

ಹಿಂದಿನ ಸಾಲಿನಿಂದ ಒಂದು ದನಿ, "ಹಸಿವಿ ಅನಸ್ತೈತ್ರಿ," ಎಂದಿತು.

ಮೊದಲನೆಯ ತುಕಡಿಯ ನಾಯಕಿ ಸ್ನೇಹಲ ಹತ್ತಿರ ಬಂದು ಮೆಲ್ಲಗೆ, "ಸರ್, ನಿಮಗ ಆರಾಮಿಲ್ಲೇನ್ರಿ?" ಎಂದಳು. ಮಾಸ್ತರರು ಹಲ್ಲು ಕಿರಿದರು. ಅವರ ಹಲ್ಲು ಅವಳು ನೋಡಿದ್ದು ಅದೇ ಮೊದಲು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ಎಲ್ಲಿಗೆ ಹೋಗಬೇಕೆಂಬ ಮೀಟಿಂಗ್ ಒಂದು ತಾಸು ನಡೆಯಿತು. ನಾಲ್ಕು ಮಂದಿ ಕೃಷ್ಣಾ ನದಿಗೆ ಹೋಗಿ ಈಜೋಣವೆಂದರು, ಆರು ಮಂದಿ ಮನೆಗೆ ಹೋಗೋಣವೆಂದರು. ಕಡೆಗೆ ಊರ ಹೊರಗೆ ಕಬ್ಬಿನ ಗಾಡಿ ಓಡಾಡುವ ರಸ್ತೆಗೆ ಹತ್ತಿದ, ಕಾಡಸಿದ್ದನೆಂಬ ರೈತನ ಖಾಲಿ ಹೊಲ ಗೆದ್ದಿತು. ಸಾಲು ಕಟ್ಟಿಸುವವರಿಲ್ಲದ್ದರಿಂದ ದಳವು ಹರಿದ ಚೀಲದಿಂದ ಉದುರಿದ ಕಡಲೆಯಂತೆ ದಾರಿಯುದ್ದಕ್ಕೂ ಚೆಲ್ಲಿಕೊಂಡು ಹೊರಟಿತು. ಹಿಂದೆ ನಡೆಯುತ್ತಿದ್ದ ಪಾರಿಸ ಮಾಸ್ತರರು ಕಣ್ಣು ಮುಚ್ಚಿ ಣಮೋಕಾರ ಹೇಳಿಕೊಂಡು ಎರಡು ಸಲ ಎಡವಿದರು. ಪಕ್ಕದಲ್ಲಿ ನಿಲೇಶ, "ಪ್ರಿಯ ಮಕ್ಕಳೇ, ನಿಮ್ಮ ಆಯ್ಕೆ ಬಹಳ ಚಂದ ಐತಿ," ಎಂದು ಹೂವು ಉದುರಿಸುತ್ತ ನಡೆದಿದ್ದ.

ಹೊಲದಲ್ಲಿ ಡೇರೆ ಹಾಕುವ ಕೆಲಸ ಸುರುವಾಯಿತು. ಒಂದು ಕಡೆಯ ಹಗ್ಗಕ್ಕೆ ಬೇವಿನ ಮರ ಸಿಕ್ಕಿತು. ಇನ್ನೊಂದು ಕಡೆ ಗೂಟ ಹೊಡೆಯಬೇಕು, ನೆಲ ಕಲ್ಲಿನಂತೆ ಗಟ್ಟಿ. ಎರಡನೆಯ ತುಕಡಿ ಮೀಟಿಂಗ್ ಮಾಡಿತು. ರಸ್ತೆಯ ಬದಿಗೆ ಕಬ್ಬು ಹೇರಿದ ಒಂದು ಟ್ರ್ಯಾಕ್ಟರ್ ನಿಂತಿತ್ತು. ಡ್ರೈವರ್ ಚಹಾಕ್ಕೆ ಹೋಗಿದ್ದ. ಎಂಟಕ್ಕೆ ಎಂಟೂ ಕೈ ಎತ್ತಿ, ಹಗ್ಗವನ್ನು ಅದರ ಟ್ರೇಲರಿಗೆ ಕಟ್ಟಿಬಿಟ್ಟರು.

ನೋಡಿದ ಪಾರಿಸ ಮಾಸ್ತರರ ಕಿವಿಯ ತುದಿ ಕೆಂಪಾಯಿತು. ಇಪ್ಪತ್ನಾಲ್ಕು ವರ್ಷದ ಒದರಾಟವೆಲ್ಲ ಗಂಟಲಿಗೆ ಬಂದು ಬಾಗಿಲು ಬಡಿಯಿತು. ಅಷ್ಟರಲ್ಲಿ ಸಾಹೇಬರ ಪೆನ್ನು ಕಂಡಿತು, ಭರಮುವಿನ ಮಾತು ನೆನಪಾಯಿತು.

"ಆ... ಹಗ್ಗದ ಬಗ್ಗೆ... ನಿಮಗ ಏನ ಅನಸ್ತೈತಿ?"

ಸ್ನೇಹಲ ಬಗ್ಗಿ ನೋಡಿದಳು. "ಗಂಟು ಭಾರಿ ಬರೋಬ್ಬರಿ ಬಿದ್ದೈತ್ರಿ ಸರ್. ನೀವ ಕಲಿಸಿದ್ದ ಗಂಟು. ಎಷ್ಟ ಜಗ್ಗಿದ್ರೂ ಬಿಚ್ಚೂದಿಲ್ಲ."

"ವಾಹ್!" ಎಂದು ಸಾಹೇಬರು ಬರೆದುಕೊಂಡರು.

ಇದನ್ನೆಲ್ಲ ನೋಡುತ್ತಿದ್ದ ಹೊಲದೊಡೆಯ ಕಾಡಸಿದ್ದನಿಗೆ ತಡೆಯಲಾಗಲಿಲ್ಲ. ಅವನೂ ಒಂದು ಕಾಲಕ್ಕೆ ಮಾಸ್ತರರ ಕೈಯಲ್ಲಿ ಕಲಿತವನೇ. "ಸರ್, ಬಾಯಿ ಬಿದ್ದ ಹೋಗೈತೇನ್ರಿ?" ಎಂದು ಕೇಳಿದ. ಮಾಸ್ತರರು ಮತ್ತೆ ಹಲ್ಲು ಕಿರಿದದ್ದು ಕಂಡು ಓಡಿಹೋಗಿ ಮನೆಯಿಂದ ಜಜ್ಜಿದ ಶುಂಠಿ ತಂದು ಅವರ ಬಾಯಿಗೆ ತುರುಕಿದ. ಬೇಡವೆಂದು ಹೇಳಲು ಬಾಯಿ ತೆರೆದದ್ದೇ ತಪ್ಪಾಯಿತು. ಜೈನರ ನೇಮದಂತೆ ಹುಟ್ಟಿದಾಗಿನಿಂದ ನೆಲದಡಿ ಬೆಳೆದದ್ದನ್ನು ನಾಲಿಗೆಗೆ ಸೋಕಿಸದಿದ್ದ ಮಾಸ್ತರರು ಅರ್ಧ ತಾಸು ಬಾವಿಯ ಕಟ್ಟೆಯ ಮೇಲೆ ಬಾಯಿ ಮುಕ್ಕಳಿಸುತ್ತ ಕೂತರು.

ಅವರು ಬರುವಷ್ಟರಲ್ಲಿ ಉಪ್ಪಿಟ್ಟು ಕುದಿಯುತ್ತಿತ್ತು. ನಾಲ್ಕು ತುಕಡಿಗೂ ಸಮಾನ ಅಧಿಕಾರವಿದ್ದದ್ದರಿಂದ ನಾಲ್ಕೂ ಬೇರೆ ಬೇರೆ ಮೀಟಿಂಗ್ ಮಾಡಿ, ನಾಲ್ಕೂ ಸರ್ವಾನುಮತದಿಂದ ಒಂದೊಂದು ಮುಷ್ಟಿ ಉಪ್ಪು ಹಾಕಿದ್ದವು. ಕೊನೆಯ ಮುಷ್ಟಿ ಬೀಳುವುದನ್ನು ಕಣ್ಣಾರೆ ಕಂಡ ಮಾಸ್ತರರು ಓಡಿಬಂದು, "ಉಪ್ಪಿನ ಬಗ್ಗೆ ನಿಮಗ ಏನ ಅನಸ್ತೈತಿ?" ಎಂದರು.

ಮಕ್ಕಳು ಮುಖ ಮುಖ ನೋಡಿಕೊಂಡರು. "ಸರ್ಗೆ ಕಮ್ಮಿ ಅನಸೇತಿ ಕಾಣ್ತೈತಿ," ಎಂದು ಐದನೆಯ ಮುಷ್ಟಿ ಹಾಕಿದರು.

ಮೊದಲ ತಟ್ಟೆ ಸಾಹೇಬರಿಗೆ ಹೋಯಿತು. ಒಂದು ತುತ್ತು ನುಂಗಿದ ಸಾಹೇಬರ ಕಣ್ಣಲ್ಲಿ ನೀರು ಬಂತು, ಆದರೆ ಮಕ್ಕಳ ತೀರ್ಮಾನವನ್ನು ಗೌರವಿಸಬೇಕೆಂದು ಪುಸ್ತಕದ ಏಳನೆಯ ಪುಟದಲ್ಲಿದೆ. ತಟ್ಟೆ ಖಾಲಿ ಮಾಡಿ, ಮೇಲೆ ಒಂದು ಕೊಡ ನೀರು ಕುಡಿದು, "ಸ್ವಲ್ಪ ಅಡ್ಡಾಗ್ತೀನ್ರಿ," ಎಂದು ಡೇರೆಯೊಳಗೆ ಜಮಖಾನೆಯ ಮೇಲೆ ಒರಗಿದರು. ಎರಡೇ ನಿಮಿಷಕ್ಕೆ ಗೊರಕೆ ಕೇಳಿಸಿತು.

ಆಗಲೇ ಡ್ರೈವರ್ ಬಾಯಿ ಒರೆಸಿಕೊಳ್ಳುತ್ತ ಬಂದ. ಏರಿ ಕೂತವನೇ ಮೊದಲು ಹಾಡು ಹಚ್ಚಿದ. ಊರೇ ಹಾರಿಹೋಗುವಂಥ ಸ್ಪೀಕರು. ಆಮೇಲೆ ಇಂಜಿನ್ ಸುರುವಾಯಿತು, ಸಡಿಲಾಗಿದ್ದ ಹಗ್ಗ ಮೆಲ್ಲಗೆ ಬಿಗಿಯಾಗತೊಡಗಿತು.

ಪಾರಿಸ ಮಾಸ್ತರರ ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ಒಂದು ಕೂಗು ಹಾಕಿದರೆ ಸಾಹೇಬರು ಉಳಿಯುತ್ತಾರೆ, ದಳ ಹೋಗುತ್ತದೆ. ಅವರು ಎರಡೂ ಕೈ ಜೋಡಿಸಿ, ಬೆವರುತ್ತ, ಸಣ್ಣ ದನಿಯಲ್ಲಿ ಕೇಳಿದರು: "ಮಕ್ಕಳೇ, ಟ್ರ್ಯಾಕ್ಟರಿನ ಬಗ್ಗೆ ನಿಮಗ ಏನ ಅನಸ್ತೈತಿ? ಲಗೂನ ಅನಸ್ಲಿ!"

"ಬರ್ರಿ ಎಲ್ಲಾರೂ," ಎಂದಳು ಸ್ನೇಹಲ. "ಮೀಟಿಂಗ್ ಮಾಡೂಣು."

ಮೂವತ್ತೆರಡು ಮಂದಿ ಶಿಸ್ತಿನಿಂದ ದುಂಡಗೆ ಕೂತರು. ಡೇರೆ ಮಗ್ಗುಲಿಗೆ ಬಿತ್ತು. ಬೇವಿನ ಕಡೆಯ ಹಗ್ಗ ಫಟ್ಟೆಂದು ಹರಿಯಿತು; ಟ್ರೇಲರಿನ ಕಡೆಯ ಗಂಟು ಮಾತ್ರ ಮಾಸ್ತರರು ಕಲಿಸಿದ್ದು, ಕದಲಲಿಲ್ಲ. ಡೇರೆ, ಜಮಖಾನೆ, ಸಾಹೇಬರು ಮೂವರೂ ಒಂದೇ ಗಂಟಾಗಿ ಅಥಣಿಯ ದಿಕ್ಕಿಗೆ ಪ್ರಯಾಣ ಬೆಳೆಸಿದರು.

ಇಲ್ಲಿ ನಿಲೇಶನ ತಾಳ್ಮೆ ಹರಿಯಿತು. ಹಸಿರು ಪುಸ್ತಕವನ್ನು ಬೀಸಿ ಒಗೆದು, ಎಂಟು ದಿನ ತಡೆದುಕೊಂಡದ್ದನ್ನೆಲ್ಲ ಒಮ್ಮೆಲೇ ಬಿಟ್ಟ.

"ಏ ಮಂಗ್ಯಾಗಳ್ರ್ಯಾ! ಮೀಟಿಂಗ್ ಮಾಡ್ತೀರಿ? ನಿಮ್ಮ ಮೀಟಿಂಗಿಗೆ ಬೆಂಕಿ ಹಚ್ಚ! ಏಳ್ರಿ ಮ್ಯಾಲೆ! ಒಂದನೇ ತುಕಡಿ, ಟ್ರ್ಯಾಕ್ಟರ್ ಮುಂದ ಓಡ್ರಿ! ಎರಡನೇ ತುಕಡಿ, ಹಗ್ಗ ಕೊಯ್ರಿ! ಮೂರನೇದು ಸಾಹೇಬ್ರ ಕಾಲ ಹಿಡೀರಿ! ಏ ನಾಕನೇದು, ಹಲ್ಲ ಕಿಸಿಬ್ಯಾಡ್ರಿ, ನೀರ ತರ್ರಿ!"

ಮಕ್ಕಳು ಬಾಣದಂತೆ ಹಾರಿದರು. ಅರ್ಧ ನಿಮಿಷದೊಳಗೆ ಟ್ರ್ಯಾಕ್ಟರ್ ನಿಂತಿತು, ಹಗ್ಗ ತುಂಡಾಗಿತ್ತು, ನೀರು ಬಂದಿತ್ತು. ಕನ್ನಡಿಯಲ್ಲಿ ತನ್ನನ್ನು ಬೆನ್ನಟ್ಟಿ ಬರುತ್ತಿದ್ದ ಡೇರೆ ಕಂಡ ಡ್ರೈವರ್ ಕೆಳಗೆ ಜಿಗಿದು, "ಕಾಯ್ ಝಾಲಂ? ಕಾಯ್ ಝಾಲಂ?" ಎನ್ನುತ್ತ, ಏನಾಯಿತೆಂದು ಮರಾಠಿಯಲ್ಲಿ ನಡುಗುತ್ತಿದ್ದ. ಡೇರೆಯೊಳಗಿಂದ ಸಾಹೇಬರ ತಲೆ ಹೊರಬಂತು. ಕೂದಲಲ್ಲಿ ಕಬ್ಬಿನ ಒಣಸೋಗೆಯ ರವದಿ, ಕೈಯಲ್ಲಿ ಪ್ಯಾಡು. ಮೈಗೆ ಒಂದು ಗೀರೂ ಆಗಿರಲಿಲ್ಲ.

ಪಾರಿಸ ಮಾಸ್ತರರಿಗೆ ಒಳಗೊಳಗೇ ಕುಣಿಯುವಂತಾಯಿತು. ಮತದಾರ ಪ್ರಭುಗಳಿಗೆ ಮಂಗ್ಯಾ ಎಂದಿದ್ದಾನೆ! ನಿಲೇಶನ ಕಥೆ ಮುಗಿಯಿತು. ಪಾಪ, ನಿಲೇಶನೂ ಹಾಗೇ ತಿಳಿದು ತಲೆ ತಗ್ಗಿಸಿ ನಿಂತಿದ್ದ.

ಸಾಹೇಬರು ರವದಿ ಕೊಡವಿಕೊಂಡು ಎದ್ದು ನಿಂತರು. "ಇಪ್ಪತ್ತ್ ವರ್ಷದ ಸರ್ವಿಸಿನ್ಯಾಗ ಇಂಥಾ ಲೀಡರ್ ನೋಡಿಲ್ರಿ. ನಾ ಎಳಕೊಂಡ ಹೋಗಾಕತ್ತಿದ್ದೆ, ಆದ್ರೂ ಪಾರಿಸ ಮಾಸ್ತರ್ರು ಒಂದ ಆರ್ಡರ್ ಕೊಡ್ಲಿಲ್ಲ. ಇದಕ್ಕ ಅಂತಾರ ಸಂಯಮ. ನೂರಕ್ಕ ತೊಂಬತ್ತೆಂಟು! ನಿಲೇಶ ಮಾಸ್ತರ್ರಿಗೆ ನಾಕು. ಇನ್ನ ಚೀಟಿ ಹಾಕ್ರಿ ಮಕ್ಕಳ್ರ್ಯಾ. ನನ್ನ ನಂಬರು ಬರೇ ದಾಖಲೆಗೆ, ನಿಮ್ಮ ಮಾತ ಕಡೀಮಾತು."

ಸಾಹೇಬರ ಟೊಪ್ಪಿಗೆಯೊಳಗೆ ಮೂವತ್ತೆರಡು ಚೀಟಿ ಬಿದ್ದವು. ಅವರು ಒಂದೊಂದಾಗಿ ಬಿಚ್ಚಿ ಓದಿದರು. ನಿಲೇಶ ಸರ್. ನಿಲೇಶ ಸರ್. ನಿಲೇಶ ಸರ್. ಹತ್ತರ ತನಕ ಮಾಸ್ತರರು ನಗುತ್ತಲೇ ಇದ್ದರು, ಇಪ್ಪತ್ತಕ್ಕೆ ನಗು ನಿಂತಿತು, ಮೂವತ್ತೆರಡಕ್ಕೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಯಾಕವಾ ಸ್ನೇಹಲ?" ಮಾಸ್ತರರು ಕೂತಲ್ಲಿಂದಲೇ ಕೇಳಿದರು. "ನಾ ಮುಂಜಾನಿಂದ ನಿಮಗ ಒಂದ ಮಾತ ಅಂದಿಲ್ಲಲ್ಲ?"

"ಅದಕ್ಕರಿ ಸರ್!" ಸ್ನೇಹಲ ಕಣ್ಣೊರೆಸಿಕೊಂಡಳು. "ಹಗ್ಗ ತಪ್ಪ ಕಟ್ಟಿದ್ವಿ, ಸುಮ್ನಿದ್ರಿ. ಉಪ್ಪ ಸುರದ್ವಿ, ಸುಮ್ನಿದ್ರಿ. ಸರ್ಗೆ ನಮ್ಮ ಮ್ಯಾಲಿನ ಕಾಳಜಿನ ಹೋಗೈತಿ ಅಂತ ಹುಡುಗೀರೆಲ್ಲ ಅತ್ತಾರ್ರಿ. ನಿಲೇಶ ಸರ್ ನೋಡ್ರಿ, ಎಷ್ಟ ಚಂದ ಬೈದ್ರು! ಥೇಟ ನೀವ ಬೈದಂಗ ಇತ್ತು. ನೀವಂತೂ ನಮ್ಮನ್ನ ಬಿಟ್ರಿ, ನಿಮ್ಮಂಥಾವರ ಬೇಕಂತ ಅವರಿಗೆ ಹಾಕಿದ್ವಿ."

ಆ ಮಾತು ಕೇಳಿ ಮಾಸ್ತರರಿಗೆ ಅಳು ಬಂತು, ಸಂತೋಷವೂ ಆಯಿತು, ಎರಡರ ನಡುವೆ ಇಡೀ ದಿನ ಕಟ್ಟಿಹಾಕಿದ್ದು ತಾನಾಗಿ ಕಿತ್ತುಕೊಂಡು ಹೊರಬಂತು.

"ಸಾವಧಾನ್! ಯಾರಲೇ ಅವ ಕಾಡಸಿದ್ದನ ಬದುವಿನ ಮ್ಯಾಲ ನಿಂತಾವ? ಇಳೀ ಕೆಳಗ! ಸಾಲ ಸೀದಾ ಮಾಡ್ರಿ! ಉಪ್ಪ ಹಾಕಿದವ್ರು ಮುಂದ ಬರ್ರಿ!"

ಮೂವತ್ತೆರಡು ಜೋಡಿ ಕಾಲು ಒಮ್ಮೆಲೇ ಕೂಡಿದವು. ನಿಲೇಶ, ಕಾಡಸಿದ್ದ, ಡ್ರೈವರ್ ಎಲ್ಲರೂ ಸಾವಧಾನ್. ಮಕ್ಕಳ ಮುಖದ ಮೇಲೆ ಬೆಳಕು ಹರಿಯಿತು. "ಸರ್ಗೆ ಆರಾಮಾತು!" ಎಂದು ಯಾರೋ ಕೂಗಿದರು, ಉಳಿದವರು ಚಪ್ಪಾಳೆ ಹೊಡೆದರು.

"ಇದನ್ನ ಒಂದ್ ಐದ್ ನಿಮಿಷ ಮೊದಲ ಒದರಬೇಕಿಲ್ಲೇನ್ರಿ ಸರ್?" ಎಂದಳು ಸ್ನೇಹಲ ಹಣೆ ಬಡಿದುಕೊಂಡು. "ಎಲ್ಲಾ ಓಟೂ ನಿಮ್ಮವ ಇದ್ವು."

"ಸಾಹೇಬ್ರ, ಇನ್ನೊಮ್ಮೆ ಚೀಟಿ..." ಎಂದು ಮಾಸ್ತರರು ತಿರುಗಿದರು.

ಸಾಹೇಬರು ನೆಲಕ್ಕೆ ಬಿದ್ದ ಪೆನ್ನು ಎತ್ತಿಕೊಂಡು ತೊಂಬತ್ತೆಂಟನ್ನು ಹೊಡೆದುಹಾಕುತ್ತಿದ್ದರು. "ಪುಸ್ತಕದಾಗ ಮರು ಮತದಾನ ಇಲ್ರಿ. ಮಕ್ಕಳಿಗೆ ಆರ್ಡರ್ ಕೊಟ್ಟಿದ್ದಕ್ಕ ನಿಮಗೂ ನಾಕು." ಬಳಿಕ ನಿಲೇಶನ ಕಡೆ ಹೊರಳಿ, "ಇವತ್ತಿಂದ ದಳ ನಿಮ್ಮದು. ನಡಸ್ರಿ," ಎಂದರು.

ಬೈದರೆ ಓಟು ಬೀಳುತ್ತದೆಂದು ತಿಳಿದ ನಿಲೇಶ ಇನ್ನು ಯಾರ ಮಾತು ಕೇಳುತ್ತಾನೆ? ಎದೆ ಸೆಟೆಸಿ, ಸೊಂಟದ ಮೇಲೆ ಕೈಯಿಟ್ಟು ಗುಡುಗಿದ: "ಏ, ಮಾರಿ ಏನ್ ನೋಡ್ತೀರಿ? ಡೇರೆ ಮಡಚ್ರಿ ಲಗೂನ!"

ಅವನು ಒದರಿದ್ದು ಮಕ್ಕಳಿಗೆ. ಆದರೆ ಎಲ್ಲರಿಗಿಂತ ಮೊದಲು ಓಡಿಹೋಗಿ ಡೇರೆಯ ತುದಿ ಹಿಡಿದವರು ಪಾರಿಸ ಮಾಸ್ತರರು.