ಮೂರನೆಯ ಸಾಕ್ಷಿ

ಸಿಟ್ಟಿನಲ್ಲಿರುವಾಗ ಏನನ್ನೂ ಬರೆಯಬಾರದು ಎಂದು ತಿಳಿದವರು ಹೇಳುತ್ತಾರೆ. ನನಗೆ ಸಿಟ್ಟು ಇಳಿದ ಕೂಡಲೇ ಭಯ ಶುರುವಾಗುತ್ತದೆ, ಆಮೇಲೆ ಬರೆಯಲು ಕೈಯೇ ಓಡುವುದಿಲ್ಲ. ಅದಕ್ಕೇ ಈಗಲೇ ಬರೆದುಬಿಡುತ್ತೇನೆ. ನಾನು ರಾಯದುರ್ಗದಲ್ಲಿ ನಾಲ್ಕು ಮಿಷನ್ನು ಇಟ್ಟುಕೊಂಡು ಜೀನ್ಸ್ ಪ್ಯಾಂಟು ಹೊಲಿಸುವವನು. ಇಸ್ತ್ರಿಪೆಟ್ಟಿಗೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಅಂಗಡಿಗೆ ವಾಪಸು ಹೋಗಿ ನೋಡಿ, ಸರಿಯಾಗಿ ನೋಡಿದೆನೋ ಇಲ್ಲವೋ ಎಂದು ಮನೆಯಿಂದ ಮತ್ತೊಮ್ಮೆ ಹೊರಡುವ ಪೈಕಿ. ಇಂಥವನಿಗೆ ಸಿಟ್ಟು ಬರುವುದೇ ಅಪರೂಪ. ಬಂದರೂ ಅದು ಯಾರ ಮೇಲೆ ಬರಬೇಕೋ ಅವರ ಮೇಲೆ ಬರುವುದು ಇನ್ನೂ ಅಪರೂಪ.

ನನ್ನ ಅಕ್ಕನ ಮಗಳು ಲತಾಳ ಮದುವೆ ಐದು ತಿಂಗಳ ಹಿಂದೆ ಆಂಧ್ರದ ಗಡಿಯಲ್ಲಿರುವ ನಮ್ಮೂರು ರತ್ನಗಿರಿಯಲ್ಲಿ ನಡೆಯಿತು. ಅವಳು ಅಮರಾಪುರದ ಕಡೆ ಸರ್ಕಾರಿ ನರ್ಸು. ಗಂಡ ಮಂಜುನಾಥ ನಮ್ಮ ರಾಯದುರ್ಗದ ಪಕ್ಕದ ಹಳ್ಳಿಯಲ್ಲಿ ಮೇಷ್ಟ್ರು. ಶನಿವಾರ ಸ್ಕೂಲು ಬಿಟ್ಟ ಮೇಲೆ ಅವನು ಬಸ್ಸು ಹತ್ತುತ್ತಾನೆ, ಬಸ್ಸು ಬದಲಿಸಿ ಬದಲಿಸಿ ಹೆಂಡತಿಯ ಮುಖ ನೋಡುತ್ತಾನೆ, ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗಲೇ ವಾಪಸು ಬಸ್ಸಿನ ಮಾತು ಬರುತ್ತದೆ. ಹೊಸ ಹೆಂಡತಿಗಿಂತ ಆ ದಾರಿಯ ಕಂಡಕ್ಟರಿಗೇ ಅವನ ಸಹವಾಸ ಹೆಚ್ಚು. ಗಂಡ ಹೆಂಡತಿ ಒಂದೇ ಕಡೆ ಇರಲೆಂದು ವರ್ಗಾವಣೆ ಕೇಳಬಹುದಂತೆ. ಅರ್ಜಿಗೆ ಶುಕ್ರವಾರವೇ ಕೊನೆ, ಜೊತೆಯಲ್ಲಿ ಮದುವೆಯ ಸರ್ಟಿಫಿಕೇಟು ಇರಬೇಕು. ತಪ್ಪಿದರೆ ಮತ್ತೆ ಯಾವ ಕಾಲಕ್ಕೋ.

ಮಂಗಳವಾರ ಲತಾ ಫೋನು ಮಾಡಿ, ಏನೇನು ಬೇಕು ಎಂದು ಓದಿ ಹೇಳಿದಳು. ಇಬ್ಬರ ವಯಸ್ಸಿಗೆ ದಾಖಲೆ, ಇಬ್ಬರ ವಿಳಾಸಕ್ಕೆ ದಾಖಲೆ, ಆಧಾರ್ ಕಾರ್ಡು, ಇಬ್ಬರ ಬಿಡಿ ಫೋಟೋ, ತಾಳಿ ಕಟ್ಟುವ ಫೋಟೋ, ಲಗ್ನಪತ್ರಿಕೆ. ಕೇಳುತ್ತಾ ಕೇಳುತ್ತಾ ನನಗೆ ರೇಗಿತು. ಮದುವೆಗೆ ಒಂದು ಹುಡುಗ, ಒಂದು ಹುಡುಗಿ, ಒಂದು ಅರಿಶಿನದ ಕೊಂಬು ಇದ್ದರೆ ಸಾಕು ಎಂದು ತಿಳಿದು ಬೆಳೆದವನು ನಾನು. ಇಡೀ ಊರು ಸೇರಿ, ಓಲಗ ಊದಿಸಿ, ಅಕ್ಷತೆ ಎರಚಿ ಮಾಡಿದ ಮದುವೆ ಸರ್ಕಾರದ ಕಣ್ಣಿಗೆ ಇನ್ನೂ ಬಿದ್ದೇ ಇಲ್ಲ!

"ಅದೆಲ್ಲಾ ಐತೆ ಮಾವ. ಮದುವೆ ನೋಡಿದೋರು ಮೂರು ಜನ ಬಂದು ಸಾಕ್ಷಿ ಸೈನ್ ಹಾಕ್ಬೇಕಂತೆ. ಅಮ್ಮ ಬತ್ತಾಳೆ, ಅವ್ರ ಅಣ್ಣ ಬತ್ತಾರೆ. ಮೂರನೇರು ಯಾರೂ ಸಿಗ್ತಿಲ್ಲ" ಎಂದಳು.

ನಾನೂರು ಜನ ಉಂಡ ಮದುವೆಗೆ ಮೂರನೆಯ ಸಾಕ್ಷಿ ಇಲ್ಲ! ನಾನೇ ಒಬ್ಬೊಬ್ಬರಿಗೂ ಫೋನು ಹಚ್ಚಿದೆ. ನಮ್ಮ ದೊಡ್ಡಪ್ಪನ ಮಗ ತಿಪ್ಪೇಸ್ವಾಮಿ, "ಇವತ್ತು ಸೈನ್ ಹಾಕ್ತೀನಿ ಕಣಣ್ಣ, ನಾಳೆ ಅವ್ರು ಕಿತ್ತಾಡ್ಕಂಡ್ರೆ ನನ್ನ ಕೋರ್ಟಿಗೆ ಎಳೀತಾರೆ" ಎಂದ. ಆ ಹುಡುಗ ಹುಡುಗಿ ಕಿತ್ತಾಡಲಿಕ್ಕಾದರೂ ಒಂದು ಕಡೆ ಇರಬೇಕಲ್ಲವೇ! ಸೋದರತ್ತೆಯನ್ನು ಕೇಳಿದರೆ, "ಆಧಾರ್ ಕೊಟ್ರೆ ನನ್ ಪಿಂಚಣಿ ನಿಂತೋಯ್ತದೆ ಕಣಪ್ಪ" ಎಂದಳು. ಇನ್ನೊಬ್ಬನಿಗೆ ಆ ವಾರವೆಲ್ಲ ಕುರಿಗಳ ಉಣ್ಣೆ ಕತ್ತರಿಸುವ ಕೆಲಸವಂತೆ. ಹೋಳಿಗೆಗೆ ತುಪ್ಪ ಸಾಲದು ಎಂದು ಪಂಕ್ತಿಯಲ್ಲಿ ಜಗಳ ತೆಗೆದವನು ಇವನೇ.

ಫೋನು ಇಟ್ಟು ಇವರನ್ನೆಲ್ಲ ಬೈಯುತ್ತಾ ಮನೆಯ ತುಂಬ ಓಡಾಡಿದೆ. ನನ್ನ ಹೆಂಡತಿ ರಾಯದುರ್ಗದವಳೇ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ನನ್ನ ಮುಂದ ಯಾಕ ಒದರ್ತೀರಿ? ಅಷ್ಟು ಸಿಟ್ಟಿದ್ರ ನೀವ ಹೋಗಿ ಸೈನ್ ಮಾಡ್ರಿ" ಎಂದಳು.

ಗುರುವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಆಧಾರ್ ಕಾರ್ಡು ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಾ, ನಡುನಡುವೆ ಮನುಷ್ಯಜಾತಿಯನ್ನೇ ಬೈದುಕೊಳ್ಳುತ್ತಾ ಹೋದೆ. ಪಟ್ಟಣದ ಮದುವೆ ನೋಂದಣಿ ಆಫೀಸು ತಲುಪಿದಾಗ ಮಧ್ಯಾಹ್ನ ದಾಟಿತ್ತು. ಲತಾ, ಮಂಜುನಾಥ, ಅವನ ಅಣ್ಣ, ನನ್ನ ಅಕ್ಕ ಬೇವಿನ ಮರದ ಕೆಳಗೆ ಕಾಯುತ್ತಿದ್ದರು. ನಾನು ಕುಳಿತೂ ಕೊಳ್ಳದೆ ಭಾಷಣಕ್ಕೆ ನಿಂತೆ. ಸಂಬಂಧ ಅಂದರೇನು, ಜವಾಬ್ದಾರಿ ಅಂದರೇನು, ಉಂಡ ಮನೆಯ ಋಣ ಅಂದರೇನು. ಅಕ್ಕಪಕ್ಕದ ಪತ್ರ ಬರೆಯುವವರೂ ಲೇಖನಿ ನಿಲ್ಲಿಸಿ ಕೇಳಿದರು. "ಒಬ್ಬನಾದರೂ ಗಂಡಸು ಇದ್ದಾನಾ ಆ ಊರಲ್ಲಿ, ಹೌದು, ನಾನು ನೋಡಿದೆ ಅನ್ನುವವನು?" ಎಂದು ಮುಗಿಸಿದೆ. ಅಕ್ಕ, "ಸಾಕು ಬಾರೋ, ಕರೀತಾವ್ರೆ" ಎಂದು ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದಳು.

ಒಳಗೆ ಕುಳಿತಿದ್ದ ಅಧಿಕಾರಿ ಒಬ್ಬ ಸೌಮ್ಯವಾದ ಹೆಂಗಸು. ಬೈಯಲು ಅವರು ಒಂದು ಕಾರಣವನ್ನೂ ಕೊಡಲಿಲ್ಲ, ಅದೂ ನನಗೆ ಸಿಟ್ಟು ತರಿಸಿತು. ಅಕ್ಕ ಸೈನ್ ಹಾಕಿದಳು, ಮಂಜುನಾಥನ ಅಣ್ಣ ಹಾಕಿದ. ನನ್ನ ಸರದಿ ಬಂದಾಗ ಫಾರಂ ಪೂರ್ತಿ ಓದಿದೆ. ನಾನು ಏನನ್ನೂ ಓದದೆ ಸೈನ್ ಹಾಕುವವನಲ್ಲ, ಔಷಧದ ಚೀಟಿಯನ್ನೂ ಎರಡು ಸಲ ಓದುತ್ತೇನೆ. ಕೆಳಗೆ, ಸುಳ್ಳು ಹೇಳಿದರೆ ಶಿಕ್ಷೆ ಎಂದು ಇತ್ತು. ಪೆನ್ನು ನಿಂತಿತು. ಅಧಿಕಾರಿ ತೆಲುಗಿನಲ್ಲಿ ಸುಮ್ಮನೆ ಕೇಳಿದರು: "ತಾಳಿ ಕಟ್ಟೇಟಪ್ಪುಡು ಮೀರು ಚೂಶಾರು ಕದಾ?" ತಾಳಿ ಕಟ್ಟುವಾಗ ನೋಡಿದಿರಿ ತಾನೇ?

ಹೌದು ಎಂದರೆ ಮುಗಿಯುತ್ತಿತ್ತು. ಆದರೆ ನನ್ನ ಬಾಯಿ, "ಇಲ್ಲ ಮೇಡಂ, ನಾನು ಅಡುಗೆ ಕಡೆ ಇದ್ದೆ. ಅನ್ನ ಸಾಲುತ್ತೋ ಇಲ್ಲವೋ ಅಂತ" ಎಂದಿತು.

ಅಕ್ಕ ಹಣೆ ಚಚ್ಚಿಕೊಂಡಳು. ಲತಾ ಅಳಲಿಲ್ಲ, ಅತ್ತಿದ್ದರೆ ಚೆನ್ನಾಗಿತ್ತು. "ಆರು ಗಂಟೆ ಹೊತ್ತು ಬಸ್ಸಲ್ಲಿ ಕುಂತು ಇದನ್ನ ಹೇಳಕ್ಕೆ ಬಂದ್ಯಾ ಮಾವ?" ಎಂದಳು. ಅಧಿಕಾರಿ ಗಡಿಯಾರ ನೋಡಿ, ಐದರ ಒಳಗೆ ನೋಡಿದವರನ್ನು ಕರೆತಂದರೆ ಇವತ್ತೇ ಮಾಡಿಕೊಡುತ್ತೇನೆ ಎಂದರು. ಆಗಲೇ ನಾಲ್ಕು. ಊರಿನಿಂದ ಯಾರು ಹೊರಟರೂ ಆ ಹೊತ್ತಿಗೆ ಬಂದು ಮುಟ್ಟುವಂತಿರಲಿಲ್ಲ, ಹೊರಡುವವರಂತೂ ಇರಲೇ ಇಲ್ಲ.

ಲತಾ ಮೇಜಿನ ಮೇಲಿದ್ದ ತಾಳಿ ಕಟ್ಟುವ ಫೋಟೋವನ್ನೇ ನೋಡುತ್ತಿದ್ದಳು. ಅದರಲ್ಲಿ ತಿಪ್ಪೇಸ್ವಾಮಿ ಇದ್ದಾನೆ, ಸೋದರತ್ತೆ ಇದ್ದಾಳೆ, ನಾನು ಮಾತ್ರ ಎಲ್ಲೂ ಇಲ್ಲ. ಮದುಮಗನ ಹಿಂದೆ ತಲೆಗೆ ಟವೆಲ್ ಸುತ್ತಿಕೊಂಡು, ಬಾಯಿ ತೆರೆದುಕೊಂಡು ಒಬ್ಬ ನಿಂತಿದ್ದಾನೆ. "ಇದು ಅಡಿಗೆ ರಂಗಪ್ಪ ಅಲ್ವಾ?" ಎಂದಳು. ಪುಣ್ಯಕ್ಕೆ ರಂಗಪ್ಪನ ಮನೆ ಇದೇ ಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದೆಯೇ. ಮಂಜುನಾಥ ಅಣ್ಣನ ಬೈಕಿನಲ್ಲಿ ಹೋಗಿ, ಈರುಳ್ಳಿ ಹೆಚ್ಚುತ್ತಿದ್ದವನನ್ನು ಹಾಗೆಯೇ ಕೂರಿಸಿಕೊಂಡು ಬಂದ.

ರಂಗಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. "ಕಣ್ತುಂಬ ನೋಡಿವ್ನಿ ಮೇಡಂ. ಈ ಯಜಮಾನ್ರು ಕೊಪ್ಪರಿಗೆ ಪಕ್ಕ ನಿಂತ್ಕಂಡು ಸಾಕಾಗ್ತದಾ ಸಾಕಾಗ್ತದಾ ಅಂತ ತಲೆ ತಿಂದ್ರು. ಸೌಟು ಇವ್ರ ಕೈಗೇ ಕೊಟ್ಟು, ನೀವೇ ನೋಡ್ಕಳಿ ಸಾಮಿ ಅಂತ ಅಕ್ಷತೆ ಹಾಕಕ್ಕೆ ಹೋದೆ" ಎಂದ. ಕೋರ್ಟು, ಪಿಂಚಣಿ ಯಾವುದನ್ನೂ ಕೇಳದೆ, ದೊಡ್ಡ ಅಕ್ಷರದಲ್ಲಿ ಸೈನ್ ಹಾಕಿ, "ಅಣ್ಣ, ಅನ್ನ ಮಿಕ್ಕಿತ್ತು, ಗೊತ್ತಾ?" ಎಂದು ನನ್ನ ಬೆನ್ನು ತಟ್ಟಿ ಹೋದ. ಐದಕ್ಕೆ ಮೊದಲೇ ಸರ್ಟಿಫಿಕೇಟು ಲತಾಳ ಕೈಗೆ ಬಂತು. ಶುಕ್ರವಾರ ಅರ್ಜಿಯೂ ಹೋಯಿತು.

ನಾನು ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಹೇಳಬಾರದಿತ್ತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು ಮುಗಿಸಿದ ಮೇಲೆ, ಇದ್ದಕ್ಕಿದ್ದಂತೆ ಗಂಭೀರವಾಗಿ, "ರೀ, ನನಗ ತಾಳಿ ಕಟ್ಟುವಾಗರ ನನ್ನ ಮುಖ ನೋಡಿದ್ರೋ ಇಲ್ಲೋ?" ಎಂದು ಕೇಳಿದಳು.

ಅವತ್ತು ಚಪ್ಪರದ ಮೂಲೆಯ ಕಂಬವೊಂದು ನಮ್ಮ ಕಡೆಗೇ ಸ್ವಲ್ಪ ವಾಲಿತ್ತು. ಮೂರು ಗಂಟು ಹಾಕಿ ಮುಗಿಯುವವರೆಗೂ ನಾನು ಅದರಿಂದ ಕಣ್ಣು ತೆಗೆದಿರಲಿಲ್ಲ.

"ನೋಡದೆ ಇರ್ತೀನೇನೇ?" ಎಂದೆ.