ಇಪ್ಪತ್ತಾರು ಗುಳ್ಳೆ, ಒಂದು ಬೆಳ್ಳಿ ಕಾಲು

ಹೇಳಿಕೊಳ್ಳಲಾಗದ ಜಾಗದಲ್ಲಿ ಏನಾದರೂ ಕಣ್ಣಿಗೆ ಬೀಳುವುದು ಮದುವೆ ಗೊತ್ತಾದ ಮೇಲೆಯೇ. ನನಗೆ ತಿಳಿದ ಹಾಗೆ ಇಬ್ಬರಿಗೆ ಹೀಗಾಗಿದೆ. ಒಬ್ಬ ನಾನು.

ಎಣಿಕೆ

ಎರಡು ಸಾವಿರದ ಎಂಟರ ಸುಮಾರು. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಅಮ್ಮನ ಜೊತೆ ಇದ್ದೆ. ಶಹಾಡ್‌ನ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ. ಖಾರಘರದ ಹುಡುಗಿಯೊಂದಿಗೆ ನಿಶ್ಚಿತಾರ್ಥ ಆಗಿತ್ತು. ಮದುವೆಗೆ ಇನ್ನು ಆರು ವಾರ.

ಒಂದು ದಿನ ಸ್ನಾನ ಮಾಡುವಾಗ ಗುಪ್ತಾಂಗದ ತುದಿಯ ಸುತ್ತ ಸಣ್ಣ ಗುಳ್ಳೆಗಳ ಸಾಲು ಕಂಡಿತು. ನೋವಿಲ್ಲ, ತುರಿಕೆಯಿಲ್ಲ. ಎಲ್ಲೂ ದಾರಿ ತಪ್ಪಿದವನಲ್ಲ ನಾನು. ಮತ್ತೆ ಎಲ್ಲಿಂದ ಬಂತು? ರೋಗವಾದರೆ ಹುಡುಗಿಗೆ ಏನು ಹೇಳುವುದು? ಮದುವೆಯನ್ನೇ ಬಿಡಬೇಕೇ?

ಅರ್ಥವಾಗದ್ದನ್ನು ಮೊದಲು ಅಳೆಯಬೇಕು ಎಂದು ಕಲಿತವನು. ಭೂತಗನ್ನಡಿ ಹಿಡಿದು ಎಣಿಸಿದೆ. ಇಪ್ಪತ್ತಾರು. ದಿನಾ ಬೆಳಿಗ್ಗೆ ಎಣಿಸಿ ಲ್ಯಾಬಿನ ನೋಟ್‌ಬುಕ್ಕಿನಲ್ಲಿ ಬರೆದೆ. ಏಳು ದಿನವೂ ಇಪ್ಪತ್ತಾರು. ಏನನ್ನು ಎಣಿಸಿದ್ದು ಎಂದು ಮಾತ್ರ ಬರೆಯಲಿಲ್ಲ.

ಆ ಪುಟ ಲ್ಯಾಬಿನ ಹಿರಿಯರ ಕೈಗೆ ಸಿಕ್ಕಿತು. ಧಾರವಾಡ ಕಡೆಯವರು. "ಏನಪಾ ಇದು, ಏಳು ದಿನಾನೂ ಒಂದ ರೀಡಿಂಗ್? ಕುಂತಲ್ಲೇ ಬರ್ದೀ ಏನು?"

"ಇಲ್ಲ ಸರ್, ಎಣಿಸಿಯೇ ಬರೆದದ್ದು."

"ಹಂಗಾದ್ರ ನಾಳೆ ನನ್ನ ಮುಂದ ಎಣಸು."

ಔಷಧಿ ಅಂಗಡಿ

ಡಾಕ್ಟರ ಬಳಿ ಹೋಗಲು ನಾಚಿಕೆ. ಸ್ಟೇಷನ್ ಹತ್ತಿರದ ಮೆಡಿಕಲ್‌ಗೆ ಹೋದೆ. ಹಿಂದೆ ಮೂವರು ಹೆಂಗಸರು ನಿಂತಿದ್ದರು. "ಗುಳ್ಳೆಗೆ ಏನಾದರೂ ಕೊಡಿ" ಎಂದು ಮರಾಠಿಯಲ್ಲಿ ಕೇಳಿದೆ.

"ಎಲ್ಲಿ ಆಗಿದೆ?" ಎಂದ ಅಂಗಡಿಯವ, ಮೂವರಿಗೂ ಕೇಳುವಂತೆ.

"ಮೊಣಕಾಲು" ಎಂದೆ.

ಮೊಣಕಾಲಿಗೆ ಸರಿಯಾದದ್ದನ್ನೇ ಅವನು ಕೊಟ್ಟ. ನರೂಲಿ ಉದುರಿಸುವ ದ್ರಾವಣ. ಬಾಟಲಿಯ ಮೇಲೆ ಸ್ಯಾಲಿಸಿಲಿಕ್ ಆಮ್ಲ ಎಂದಿತ್ತು. ನಾನು ರಸಾಯನಶಾಸ್ತ್ರದ ಪದವೀಧರ. ಓದಿದೆ, ಅರ್ಥವಾಯಿತು. ಆದರೂ ಹಚ್ಚಿದೆ.

ಮರುದಿನ ಕಾಲು ಅಗಲಿಸಿಕೊಂಡು ಲೋಕಲ್ ರೈಲು ಹತ್ತಿದೆ. ನನ್ನ ಸ್ಥಿತಿ ನೋಡಿ ಒಬ್ಬರು ಎದ್ದು ನಿಂತು "ಬೈಠೋ ಭಾಯ್" ಎಂದರು. ಹತ್ತು ವರ್ಷದಲ್ಲಿ ಮೊದಲ ಸಲ ಡೊಂಬಿವಲಿಯಲ್ಲಿ ಸೀಟು ಸಿಕ್ಕಿತ್ತು. ಕೂರಲು ಆಗಲಿಲ್ಲ.

ಹರಕೆ

"ಎಂತ ಆಯ್ತು ಮಾರಾಯ, ನಡಿಗೆ ಯಾಕೆ ಹೀಗೆ?" ಎಂದರು ಅಮ್ಮ.

ಮಾಹಿತಿ ಎಲ್ಲ ಕಡೆ ಒಂದೇ ಇರಬೇಕು. ಸುಳ್ಳಾದರೂ. "ಮೊಣಕಾಲಲ್ಲಿ ಗುಳ್ಳೆ" ಎಂದೆ.

ಉಡುಪಿ ಕಡೆಯ ನಮ್ಮೂರ ದೇವಸ್ಥಾನದಲ್ಲಿ ಒಂದು ಪದ್ಧತಿ. ಮೈಯ ಯಾವ ಭಾಗಕ್ಕೆ ತೊಂದರೆಯೋ ಬೆಳ್ಳಿಯಲ್ಲಿ ಅದರ ಪ್ರತಿರೂಪ ಮಾಡಿಸಿ ಒಪ್ಪಿಸುವುದು. ಅಮ್ಮ ಆ ಕ್ಷಣವೇ ಕೈ ಮುಗಿದರು. "ಮದುವೆಯ ಮೊದಲು ಗುಣ ಆಗಲಿ, ಬೆಳ್ಳಿದು ಒಪ್ಪಿಸ್ತೇನೆ."

ಬೆಳ್ಳಿಯಲ್ಲಿ ಅದು ಹೇಗೆ ಕಾಣಬಹುದು ಎಂದು ಒಂದು ಕ್ಷಣ ಊಹಿಸಿದೆ. ಆಮೇಲೆ, ಅಮ್ಮನಿಗೆ ಗೊತ್ತಿರುವುದು ಮೊಣಕಾಲು ಎಂದು ನೆನಪಾಯಿತು.

"ಎಡದ್ದಾ, ಬಲದ್ದಾ?" ಎಂದರು ಅಮ್ಮ.

ನಿಜ ಹೇಳುವುದಾದರೆ ನಡುವೆ. "ಬಲ" ಎಂದೆ.

ಡಾಕ್ಟರು

ಕೊನೆಗೆ ಉರಿ ತಡೆಯಲಾರದೆ ಥಾಣೆಯ ನೌಪಾಡಾದ ಚರ್ಮದ ಡಾಕ್ಟರ ಬಳಿ ಹೋದೆ. ನೋಟ್‌ಬುಕ್ಕನ್ನೂ ಒಯ್ದಿದ್ದೆ. ಅವರು ಅರ್ಧ ನಿಮಿಷ ನೋಡಿದರು.

"ಇದು ರೋಗವಲ್ಲ. ಎಷ್ಟೋ ಗಂಡಸರಿಗೆ ಇರುತ್ತದೆ. ಅಂಟುವುದಿಲ್ಲ, ಹರಡುವುದಿಲ್ಲ. ಚರ್ಮದ ರಚನೆಯೇ ಹಾಗೆ."

"ತೆಗೆಸಬೇಕಾ?"

"ಲೇಸರ್‌ನಲ್ಲಿ ತೆಗೆಯಬಹುದು. ಯಾಕೆ ತೆಗೆಯಬೇಕು? ಮೂಗಿದೆ ಅಂತ ಮೂಗು ತೆಗೆಸುತ್ತೀರಾ?"

"ಹಾಗಾದರೆ ಉರಿ, ಕೆಂಪು?"

"ಅದು ನಿಮ್ಮ ಔಷಧಿಯದು. ಇಲ್ಲಿ ಇರುವ ರೋಗ ಅದೊಂದೇ."

ಅದಕ್ಕೊಂದು ಟ್ಯೂಬ್ ಕೈಗೆ ಕೊಟ್ಟರು. ಚೀಟಿಯಲ್ಲಿ ಗುಳ್ಳೆಯ ಬಗ್ಗೆ ಮಾತ್ರ ಬರೆದರು. ಚಿಕಿತ್ಸೆ: ಇಲ್ಲ.

ಭಾವಿ ಮಾವ

ಅಷ್ಟರಲ್ಲಿ ಅಮ್ಮ ಹರಕೆಯ ಸುದ್ದಿಯನ್ನು ಹುಡುಗಿಯ ತಾಯಿಗೆ ಫೋನಿನಲ್ಲಿ ಹೇಳಿಯಾಗಿತ್ತು. ಭಾನುವಾರ ಭಾವಿ ಮಾವ ಖಾರಘರದಿಂದ ಒಬ್ಬರೇ ಬಂದರು. ಅವರಿಗೆ ಕಿವಿ ಮಂದ ಎಂದು ಎರಡೂ ಮನೆಯಲ್ಲಿ ಗೊತ್ತು. ನಿಶ್ಚಿತಾರ್ಥದ ದಿನ ಪುರೋಹಿತರು ಕೂಡ ಅವರ ಹತ್ತಿರ ಕಿರುಚಿಯೇ ಮಾತಾಡಿದ್ದರು.

"ಚಾ ಕುಡಿತೀರಾ?" ಎಂದು ಅಮ್ಮ ಕೂಗಿದರು. ಆಮೇಲೆ ಆಗಲೇ ಮಾಡಿಸಿಟ್ಟಿದ್ದ ಬೆಳ್ಳಿ ಕಾಲನ್ನು ಕಪಾಟಿನಿಂದ ತಂದು ತೋರಿಸಿದರು.

ಮಾವ ಕಾಲನ್ನು ನೋಡಿದರು. ನಾನು ಬಾಗಿಲಿನಿಂದ ಕುರ್ಚಿಗೆ ಬಂದ ರೀತಿಯನ್ನೂ ನೋಡಿದರು. "ಪ್ಯಾಂಟ್ ಸ್ವಲ್ಪ ಮೇಲೆ ಮಾಡಿ" ಎಂದರು. ಮಾಡಿದೆ. ಎರಡೂ ಮೊಣಕಾಲು ಶುಭ್ರ.

"ಗುಳ್ಳೆ ಎಲ್ಲಿ? ಡಾಕ್ಟರ ಚೀಟಿ ಉಂಟಾ?"

ಕೊಟ್ಟೆ. ಓದಿದರು. ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಚಿಕಿತ್ಸೆಯೇ ಇಲ್ವಾ?"

ನನ್ನನ್ನು ಬಾಲ್ಕನಿಗೆ ಕರೆದುಕೊಂಡು ಹೋದರು. "ನೋಡಿ, ನನ್ನ ಮಗಳ ಪ್ರಶ್ನೆ. ನಿಜ ಹೇಳಿ. ಇಲ್ಲದಿದ್ರೆ ಈ ಮದುವೆ ಇಲ್ಲಿಗೇ ನಿಲ್ಲಲಿ."

ಹೇಳಲೇಬೇಕಿತ್ತು. ಅವರಿಗೆ ಕೇಳಬೇಕಾದರೆ ಕಿರುಚಬೇಕು. ಎದುರಿನ ಬಾಲ್ಕನಿಯಲ್ಲಿ ಒಬ್ಬರು ಬಟ್ಟೆ ಒಣಗಿಸುತ್ತಿದ್ದರು. ಕೆಳಗೆ ಹೌಸಿಂಗ್ ಸೊಸೈಟಿಯ ಮೀಟಿಂಗ್ ನಡೆಯುತ್ತಿತ್ತು. ಕಣ್ಣು ಮುಚ್ಚಿ, ಉಸಿರು ಎಳೆದುಕೊಂಡು ಬಾಯಿ ತೆರೆದೆ.

"ಮೆಲ್ಲಗೆ ಹೇಳಿ, ಕೇಳ್ತದೆ" ಎಂದರು ಮಾವ.

ಗೊಂದಲವಾಯಿತು. ಪಿಸುಗುಟ್ಟಿದೆ. ಜಾಗ, ಸಂಖ್ಯೆ, ಆಮ್ಲ, ಡಾಕ್ಟರ ಮಾತು. ಒಟ್ಟು ನಾಲ್ಕು ವಾಕ್ಯ. ಒಂದೂ ತಪ್ಪದೆ ಅವರಿಗೆ ಕೇಳಿಸಿತು.

ಇನ್ನೂ ಹತ್ತಿರ ಬಂದರು. "ಸಾಲಾಗಿ ಉಂಟಾ?"

"ಹೌದು."

"ಎಲ್ಲ ಒಂದೇ ಗಾತ್ರ?"

"ಹೌದು. ನಿಮಗೆ ಹೇಗೆ ಗೊತ್ತು?"

ಮಾವ ಚೀಟಿಯನ್ನು ಮತ್ತೆ ಇಸಿದುಕೊಂಡು, ಈ ಸಲ ನಿಧಾನವಾಗಿ, ನಗುತ್ತ ಓದಿದರು. "ರೋಗ ಅಲ್ಲ ಅಲ್ವಾ? ನಮ್ಮ ಕಾಲದಲ್ಲಿ ನಮಗೆ ಹೀಗೆ ಹೇಳುವವರು ಯಾರೂ ಇರ್ಲಿಲ್ಲ." ಚೀಟಿ ಮಡಚಿ ನನ್ನ ಜೇಬಿನಲ್ಲಿಟ್ಟು, ಭುಜದ ಮೇಲೆ ಕೈ ಹಾಕಿದರು.

"ಆದರೆ ಕಾಲು ಹೇಳಿದ್ದು ತಪ್ಪಾಯ್ತು ಅಳಿಯಂದಿರೇ. ಕಾಲಾದ್ರೆ ಜನ ನೋಡ್ತಾರೆ. ನಾನು ನನ್ನ ಮದುವೆಯ ಮೊದಲು ಒಪ್ಪಿಸಿದ್ದು ಬೆಳ್ಳಿ ಕಿವಿ."

ಒಳಗಿನಿಂದ ಅಮ್ಮ ಕಿರುಚಿದರು. "ಚಾ ತಣಿತದೆ!"

ಮಾವ ಎರಡೂ ಕಿವಿ ಮುಚ್ಚಿಕೊಂಡರು. "ಮೂವತ್ತು ವರ್ಷ ಆಯ್ತು, ಎಲ್ಲರೂ ನನ್ನ ಹತ್ರ ಹೀಗೇ ಮಾತಾಡುದು."