ಓವನ್ ಹುಡುಕಿಕೊಂಡು ಹೊರಟ ಚಾಕು

ಆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಡುಗೆಮನೆಯಲ್ಲಿ ಹೆಂಡತಿ ಕೇಕಿನ ಹಿಟ್ಟನ್ನು ಓವನ್ನಿಗೆ ತಳ್ಳಿ ಬಾಗಿಲು ಮುಚ್ಚಿದ್ದೂ, ಹಿತ್ತಲಿನ ಶೆಡ್ಡಿನಲ್ಲಿ ಗಂಡ ಕೆಂಪಗೆ ಕಾದ ಚಾಕುವನ್ನು ಎಣ್ಣೆಯ ಡಬ್ಬಕ್ಕೆ ಅದ್ದಿದ್ದೂ ಒಂದೇ ಹೊತ್ತಿಗೆ ಆಗದಿದ್ದರೆ ಗ್ರಂಥಪಾಲಕರ ಮಾನ ಉಳಿಯುತ್ತಿತ್ತು. ಎಡತೋಳಿಗೆ ಇಂಜೆಕ್ಷನ್ನೂ ಬೀಳುತ್ತಿರಲಿಲ್ಲ.

ಗ್ರಂಥಪಾಲಕರೆಂದರೆ ಊರಿನ ಲೈಬ್ರರಿಯನ್ನು ನೋಡಿಕೊಳ್ಳುವವರು. ಮೂವತ್ತು ವರ್ಷ ಪಿಸುಮಾತಿನಲ್ಲೇ ನೌಕರಿ ಮಾಡಿ ಈಗ ಮನೆಯಲ್ಲೂ ಪಿಸುಗುಟ್ಟುತ್ತಾರೆ. ಬೊಗಳುವ ನಾಯಿಗೂ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ರಕ್ತ ಕಂಡರೆ ಎಲ್ಲಿದ್ದರೋ ಅಲ್ಲೇ ಕೂತುಬಿಡುವ ಇಂಥ ಮನುಷ್ಯನಿಗೆ ಚಾಕು ಮಾಡುವ ಹುಚ್ಚು ಹೇಗೆ ಹತ್ತಿತೋ ಯಾರಿಗೂ ತಿಳಿಯದು. ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ತಂದು, ಕೊರೆದು, ಅರದಲ್ಲಿ ಉಜ್ಜಿ, ಇಟ್ಟಿಗೆಯ ಒಲೆಯಲ್ಲಿ ಕಾಯಿಸುತ್ತಿದ್ದರು. ಒಲೆಗೆ ಗಾಳಿ ಊದಲು ಹೆಂಡತಿ ಬಳಸದೆ ಬಿಟ್ಟ, ಕೂದಲು ಒಣಗಿಸುವ ಯಂತ್ರ.

ಮದುವೆಯಾದ ವರ್ಷದಿಂದ ಇಲ್ಲಿಯವರೆಗೆ ಮೂವತ್ತು ಚಾಕುಗಳಾದರೂ ಆಗಿರಬೇಕು. ಎಲ್ಲವನ್ನೂ ಬೇಕಾದವರಿಗೆ ಕೊಟ್ಟರು. ಅವರ ಸಂಕಟವೆಂದರೆ, ಅವುಗಳಲ್ಲಿ ಒಂದೂ ಏನನ್ನೂ ಕತ್ತರಿಸಲಿಲ್ಲ. ಸಹೋದ್ಯೋಗಿಗೆ ಕೊಟ್ಟದ್ದು ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ. ಭಾವಮೈದುನ ಗಾಜಿನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಎಲ್ಲಕ್ಕಿಂತ ಮೊದಲನೆಯದನ್ನು ಅತ್ತೆಗೆ ಕೊಟ್ಟಿದ್ದರು. ಅತ್ತೆ "ಚೆನ್ನಾಗಿದೆ ಅಳಿಯಂದ್ರೇ" ಎನ್ನುತ್ತ ಎರಡು ಬೆರಳಲ್ಲಿ ಹಿಡಿದು ಒಳಗೆ ಒಯ್ದರು, ಮತ್ತೆ ಆ ಮಾತೇ ಬರಲಿಲ್ಲ. ತಂಗಿಯ ಮಗಳಿಗೆ ಕೊಟ್ಟದ್ದನ್ನು ಅವಳ ಗಂಡ, ಮನೆಯಲ್ಲಿ ಇರುವುದು ಬೇಡ ಎಂದು ಬ್ಯಾಂಕಿನ ಲಾಕರಿನಲ್ಲಿ ಇಟ್ಟುಬಂದ.

ಇದು ಹೊರಗಿನವರ ಕತೆಯಾಯಿತು. ಮನೆಯೊಳಗೆ ಇನ್ನೂ ಕಷ್ಟ. ಹೆಂಡತಿ ತನ್ನ ತಾಯಿ ತೀರಿಕೊಂಡ ಮೇಲೆ ತವರಿನಿಂದ ಒಂದು ಹಳೇ ಚಾಕು ತಂದಿದ್ದಳು. ಸವೆದು ಸವೆದು ಬೆರಳಗಲ ಉಳಿದ ಅಲಗು, ಬಟ್ಟೆ ಸುತ್ತಿದ ಹಿಡಿ. ಟೊಮೆಟೊ ಮೇಲೆ ಇಟ್ಟರೆ ಕತ್ತರಿಸುವುದಿಲ್ಲ, ಹಿಚುಕುತ್ತದೆ. ಅದನ್ನು ಗ್ರಂಥಪಾಲಕರು ಮುಟ್ಟುವಂತಿಲ್ಲ, ಮಸೆಯುವಂತಿಲ್ಲ.

"ಅಮ್ಮನ ಕೈಯಲ್ಲಿ ಹೇಗಿತ್ತೋ ಹಾಗೇ ಇರ್ಲಿ ಬಿಡಿ," ಎನ್ನುತ್ತಿದ್ದಳು ಆಕೆ.

ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. "ಇದನ್ನ ಮಾಡಿದವನು ಯಾವ ಪುಣ್ಯಾತ್ಮನೋ! ಅವನ ಕೈಗೆ ಸುತ್ತಿಗೆ ಕೊಟ್ಟವನು ಯಾರೋ! ಕಬ್ಬಿಣಕ್ಕೆ ಹದ ಇಲ್ಲ, ಅಲಗಿಗೆ ಆಕಾರ ಇಲ್ಲ. ಸಿಕ್ಕಿದ್ರೆ ನಾಲ್ಕು ಮಾತು ಕೇಳ್ತಿದ್ದೆ," ಎಂದು ಪಿಸುಗುಟ್ಟುವರು. ಹೆಂಡತಿ ತುಟಿ ಬಿಚ್ಚದೆ ಈರುಳ್ಳಿ ಹೆಚ್ಚುತ್ತಲೇ ಇರುವಳು.

ಇವತ್ತು ಆಕೆಗೆ ಐವತ್ತು ತುಂಬಿತು. ಸಂಜೆ ಐದಕ್ಕೆ ಅಕ್ಕಪಕ್ಕದವರು ಬರುತ್ತಾರೆ. ಕೇಕನ್ನು ತಾವು ಮಾಡಿದ ಚಾಕುವಿನಲ್ಲೇ ಆಕೆ ಕತ್ತರಿಸಬೇಕು, ನಾಳೆಯಿಂದ ಅಡುಗೆಮನೆಯಲ್ಲಿ ಅದೇ ಇರಬೇಕು, ಆ ಮುದಿ ಚಾಕುವಿಗೆ ನಿವೃತ್ತಿ ಎಂದು ಗ್ರಂಥಪಾಲಕರು ಪಣ ತೊಟ್ಟಿದ್ದರು. ಎರಡು ತಿಂಗಳು ಗುಟ್ಟಾಗಿ ದುಡಿದಿದ್ದರು. ಈ ಅಲಗಿಗೆ ಮುಂಚೆ ನಾಲ್ಕು ಅಲಗು ಹಾಳಾಗಿದ್ದವು. ಹಿಡಿಯೊಳಗೆ ತೂರುವ ಬಾಲದ ಮೇಲೆ, ಎಂದಿನಂತೆ, ತೆರೆದ ಪುಸ್ತಕದ ಪುಟ್ಟ ಗುರುತನ್ನು ಉಳಿಯಿಂದ ಒತ್ತಿದ್ದರು. ಎಲ್ಲರೂ ಹೆಸರನ್ನು ಅಲಗಿನ ಮೇಲೆ ಹಾಕುತ್ತಾರೆ. ಇವರಿಗೆ ನಾಚಿಕೆ, ಕಾಣದ ಕಡೆ ಹಾಕುತ್ತಾರೆ.

ಉಳಿದದ್ದು ಹದ ಮಾಡುವ ಕೆಲಸ. ಎಣ್ಣೆಯಲ್ಲಿ ಅದ್ದಿದ ಅಲಗು ಗಟ್ಟಿಯೇನೋ ಹೌದು, ಆದರೆ ಗಾಜಿನಷ್ಟೇ ಪೆಡಸು. ಕೈಜಾರಿದರೆ ಎರಡು ಹೋಳು. ಸುಮ್ಮನೆ ಇಟ್ಟರೂ ಟಿಕ್ ಎಂದು ತಾನಾಗಿ ಬಿರುಕು ಬಿಡುವುದುಂಟು. ಮೂರನೆಯ ಅಲಗು ಹಾಗೆಯೇ ಹೋಗಿತ್ತು. ಬೇಗನೆ ಓವನ್ನಿನಲ್ಲಿಟ್ಟು ಎರಡು ಗಂಟೆ ಮೆಲ್ಲಗೆ ಕಾಯಿಸಿದರೆ ಒಣಹುಲ್ಲಿನ ಬಣ್ಣ ಬಂದು ಹದವಾಗುತ್ತದೆ.

ಅಲಗನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಏನೇ, ಓವನ್ ಸ್ವಲ್ಪ ಬೇಕಿತ್ತು."

"ಕೇಕ್ ಇದೆ ಒಳಗೆ. ಆಮೇಲೆ ಬಿಸ್ಕತ್ತು. ನಾಲ್ಕರ ತನಕ ಖಾಲಿ ಇಲ್ಲ."

"ಕೇಕಿನ ಪಕ್ಕದಲ್ಲೇ ಒಂದು ಚೂರು ಜಾಗ..."

"ಕೇಕಿಗೆ ಎಂಜಿನ್ ಆಯಿಲ್ ವಾಸನೆ ಹೊಡೀಲಿ ಅಂತಲಾ? ಹೋಗ್ರೀ ಆ ಕಡೆ!"

ನಿನಗಾಗಿಯೇ ಎಂದು ಹೇಳುವಂತಿಲ್ಲ. ಗ್ರಂಥಪಾಲಕರು ಅಲಗನ್ನು ಟವೆಲ್ಲಿನಲ್ಲಿ ಸುತ್ತಿ, ಎಳೆಗೂಸನ್ನು ಎತ್ತಿಕೊಂಡಂತೆ ಎಡಗೈ ಮೇಲೆ ಮಲಗಿಸಿಕೊಂಡು, ಅಲ್ಲಾಡದ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಪಕ್ಕದ ಮನೆಗೆ ಹೋದರು.

ಅಲ್ಲಿದ್ದವರು ನಿವೃತ್ತ ನರ್ಸಮ್ಮ. ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಕೈ ಸುಮ್ಮನಿರದು. ಟವೆಲ್ ಸುತ್ತಿದ ಕೈ, ಬಿಳಿಚಿದ ಮುಖ, ಮೆಲ್ಲನೆಯ ನಡಿಗೆ ನೋಡಿದ್ದೇ ತಡ ಅವರನ್ನು ಕುರ್ಚಿಗೆ ದಬ್ಬಿದರು.

"ನಂಗೊತ್ತಿತ್ತು ಕಣಪ್ಪಾ! ಆ ಚಾಕುಗಳ ಸಹವಾಸ ಬೇಡ ಅಂತ ಬಡ್ಕೊಂಡೆ. ಎಷ್ಟು ಆಳ ಹೋಗಿದೆ?"

"ಗಾಯ ಅಲ್ಲ ನರ್ಸಮ್ಮ, ಓವನ್..."

"ಓವನ್ ಸುಟ್ಟಿತಾ? ಸುಟ್ಟ ಗಾಯ ಇನ್ನೂ ಕೆಟ್ಟದು. ಅಲ್ಲಾಡ್ಬೇಡ!"

ಅಲ್ಲಾಡಿದರೆ ಅಲಗು ಮುರಿದೀತೆಂಬ ಭಯ ಅವರಿಗೂ ಇತ್ತು. ಆದ್ದರಿಂದ ಅಲ್ಲಾಡಲಿಲ್ಲ. ಬಾಯಿ ತೆರೆಯುವುದರೊಳಗೆ ಫ್ರಿಜ್ಜಿನಿಂದ ಟೆಟನಸ್ ಸೂಜಿಮದ್ದು ಬಂತು, ಎಡತೋಳಿಗೆ ಇಳಿಯಿತು. ಗ್ರಂಥಪಾಲಕರ ಕಣ್ಣಲ್ಲಿ ನೀರು ತುಂಬಿತು. ಆಮೇಲೆ ನರ್ಸಮ್ಮ ಟವೆಲ್ ಬಿಚ್ಚಿ ನೋಡಿದರು.

"ಅಯ್ಯೋ, ಚಾಕುವೇ! ಮೊದಲೇ ಹೇಳಬಾರದಿತ್ತೇನಪ್ಪಾ?" ಎಂದರು. "ಇರ್ಲಿ ಬಿಡು, ಹಾಕಿದ್ದು ಮುಂದಕ್ಕೆ ಬೇಕೇ ಬೇಕಾಗುತ್ತೆ. ನನ್ನ ಓವನ್ ಕೆಟ್ಟು ಎರಡು ವರ್ಷ ಆಯ್ತು. ಒಳಗೆ ಚಪ್ಪಲಿ ಇಟ್ಟಿದೀನಿ."

ಉಳಿದದ್ದು ಮೂಲೆಯ ಬೇಕರಿಯೊಂದೇ. ತೋಳು ಉಜ್ಜಿಕೊಳ್ಳುತ್ತ ಬೀದಿಗಿಳಿದರೆ ಎದುರಿಗೇ ಬಡಾವಣೆ ಸಂಘದ ಕಾರ್ಯದರ್ಶಿ. ಈತನ ಕಂಕುಳಲ್ಲಿ ಸದಾ ಒಂದು ನೋಟ್‌ಬುಕ್ಕು, ಅದರಲ್ಲಿ ಯಾರ ಮನೆಯ ನಲ್ಲಿ ಸೋರುತ್ತದೆ, ಯಾರ ಬೆಕ್ಕು ಯಾರ ಗೋಡೆ ಹಾರಿತು ಎಲ್ಲವೂ ದಾಖಲು. ಟವೆಲ್ಲಿನ ತುದಿಯಿಂದ ಇಣುಕುತ್ತಿದ್ದ ಉಕ್ಕಿನ ಮೊನೆ ಅವನ ಕಣ್ಣಿಗೆ ಬಿತ್ತು.

"ಸಾರ್, ಹಗಲು ಹೊತ್ತಲ್ಲಿ, ನಡುಬೀದೀಲಿ, ಆಯುಧ?"

"ಆಯುಧ ಅಲ್ರೀ, ತರಕಾರಿ ಚಾಕು. ಬೇಕರಿಯವನನ್ನ ನೋಡಬೇಕಿತ್ತು. ಅರ್ಜೆಂಟು. ತಡ ಆದ್ರೆ ಕೈ ತಪ್ಪಿಹೋಗುತ್ತೆ," ಎಂದು ಗ್ರಂಥಪಾಲಕರು ಪಿಸುಗುಟ್ಟಿ ಮುಂದೆ ನಡೆದರು.

ಕಾರ್ಯದರ್ಶಿ ಅಲ್ಲೇ ಕಲ್ಲಾಗಿ ನಿಂತ. ಅವನಿಗೊಂದು ಸಂಗತಿ ನೆನಪಾಯಿತು. ಬೇಕರಿಯವನು ಮೂರು ವರ್ಷದ ಹಿಂದೆ ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ಒಯ್ದವನು ಇನ್ನೂ ಹಿಂದಿರುಗಿಸಿರಲಿಲ್ಲ. ಗ್ರಂಥಪಾಲಕರು ಹದಿನಾರು ನೆನಪೋಲೆ ಕಳಿಸಿದ್ದರು. ಅದು ಬೀದಿಗೆಲ್ಲ ಗೊತ್ತಿದ್ದ ವಿಷಯ.

ಮುಂದಿನ ಐದು ನಿಮಿಷದಲ್ಲಿ ಸುದ್ದಿ ಗ್ರಂಥಪಾಲಕರಿಗಿಂತ ಬೇಗ ನಡೆಯಿತು. ಅವರೋ ಅಲಗು ಅಲುಗದಂತೆ ಆಮೆಯ ಹಾಗೆ ಹೋಗುತ್ತಿದ್ದರು. "ಪಾಪ, ಎಷ್ಟು ವರ್ಷ ಅಂತ ತಡ್ಕೊಳ್ತಾರೆ?" ಎಂದಳು ಹಾಲಿನವಳು. "ಕಣ್ಣು ನೋಡಿದ್ರಾ, ನೀರು ತುಂಬಿದೆ. ಬೇಜಾರಿಂದಲೇ ಹೊರಟಿದ್ದಾರೆ," ಎಂದ ಸೈಕಲ್ ಅಂಗಡಿಯವನು. ಹಿಂದೆ ಹತ್ತು ಜನ ಸೇರಿದರು. ಆ ಹತ್ತರಲ್ಲಿ ನಾಲ್ಕು ಜನಕ್ಕೆ ತಮ್ಮ ಮನೆಯಲ್ಲೂ ಲೈಬ್ರರಿ ಪುಸ್ತಕ ಇರುವುದು ನೆನಪಾಗಿ ಮೆಲ್ಲಗೆ ಜಾಗ ಖಾಲಿ ಮಾಡಿದರು.

ಗ್ರಂಥಪಾಲಕರು ಬೇಕರಿ ತಲುಪುವ ಹೊತ್ತಿಗೆ ಷಟರ್ ದಡಬಡನೆ ಕೆಳಗಿಳಿಯಿತು.

"ಒಂದ್ನಿಮಿಷ ಬಾಗಿಲು ತೆಗೀರಿ," ಎಂದು ಇವರು ಪಿಸುಗುಟ್ಟಿದರು. ಒಳಗಿದ್ದವನಿಗೆ ಆ ಪಿಸುಮಾತು ಕೂಗಾಟಕ್ಕಿಂತ ಭಯಂಕರವಾಗಿ ಕೇಳಿಸಿತು.

"ಪುಸ್ತಕ ಕೊಡ್ತೀನಿ ಸಾರ್! ಇಲ್ಲೇ ಇದೆ! ನೂರಾ ಹತ್ತು ಪುಟ ಆಗಿದೆ, ಇನ್ನು ಓದಲ್ಲ ಸಾರ್!"

ಷಟರಿನ ಸಂದಿನಿಂದ ಹಿಟ್ಟು ಮೆತ್ತಿದ ಪುಸ್ತಕ ಜಾರಿ ಹೊರಬಂತು. ಬೇರೆ ದಿನವಾಗಿದ್ದರೆ ಗ್ರಂಥಪಾಲಕರು ಅದನ್ನು ಎದೆಗೊತ್ತಿಕೊಳ್ಳುತ್ತಿದ್ದರು.

"ಪುಸ್ತಕ ಹಾಳಾಗಿ ಹೋಗ್ಲಿ. ನಂಗೆ ಓವನ್ ಬೇಕು."

"ಓವನ್ನಾ?" ಒಳಗಿನ ದನಿ ಅಳುವ ಹಾಗಾಯಿತು. "ನನ್ನ ಓವನ್ನಿಗೆ ಹಾಕ್ತೀರಾ ಸಾರ್?"

"ನಿಮ್ಮನ್ನಲ್ಲ ಮಾರಾಯ್ರೆ, ಚಾಕುವನ್ನ! ಎರಡು ಗಂಟೆ! ಇವತ್ತು ನನ್ನ ಹೆಂಡತಿ ಹುಟ್ಟುಹಬ್ಬ. ಅವಳು ಒಂದೇ ಒಂದು ಸಲ ನಾನು ಮಾಡಿದ ಚಾಕು ಹಿಡೀಲಿ ಅಂತ ನಂಗಾಸೆ. ಇದು ಮುರಿದ್ರೆ ಮುಗೀತು."

ಷಟರ್ ಮೊಣಕಾಲೆತ್ತರಕ್ಕೆ ಎದ್ದಿತು. ಬೇಕರಿಯವನು ಕೂತು ಇಣುಕಿ ನೋಡಿದ, ಟವೆಲ್ಲಿನೊಳಗಿನ ಅಲಗನ್ನು ನೋಡಿದ, ಷಟರನ್ನು ಪೂರ್ತಿ ಎತ್ತಿದ. ಜೀವಮಾನವೆಲ್ಲ ಬ್ರೆಡ್ಡು ಕೊಯ್ದವನಿಗೆ ಚಾಕುವಿನ ಬೆಲೆ ಹೇಳಿಕೊಡಬೇಕಾಗಿರಲಿಲ್ಲ. ಬೆಳಗಿನ ಬ್ರೆಡ್ಡು ಇಳಿಸಿದ ಓವನ್ನಿನ ಬಾಯಿಗೆ ಅಂಗೈ ಹಿಡಿದು ಶಾಖ ನೋಡಿ, ತಟ್ಟೆಯ ಮೇಲೆ ಅಲಗನ್ನು ಮಲಗಿಸಿ ಒಳಗಿಟ್ಟ. ಎರಡು ಗಂಟೆ ಅದರ ಮುಂದಿನಿಂದ ಕದಲಲಿಲ್ಲ.

ಹೊರಗೆ ಕಾದ ಜನರ ಮಾತೂ ಅಷ್ಟರಲ್ಲಿ ಹದಕ್ಕೆ ಬಂತು. ಪಾಪ ಎಂದು ಮರುಗಿದ್ದ ಹಾಲಿನವಳು ತನ್ನ ಮನೆಯ ಚಾಕು ಮೊಂಡಾಗಿದೆ, ಮಸೆದುಕೊಡುತ್ತೀರಾ ಎಂದು ಕೇಳಿದಳು. ಕಾರ್ಯದರ್ಶಿ ನೋಟ್‌ಬುಕ್ಕಿನಲ್ಲಿ 'ಆಯುಧ' ಎಂದು ಬರೆದದ್ದನ್ನು ಹೊಡೆದುಹಾಕಿ 'ಅಡುಗೆ ಸಾಮಾನು' ಎಂದು ತಿದ್ದಿದ. ಅಲಗು ಒಣಹುಲ್ಲಿನ ಬಣ್ಣ ತಳೆದು ಹೊರಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಗ್ರಂಥಪಾಲಕರು ಅಭ್ಯಾಸಬಲದಿಂದ "ಶ್" ಎಂದರು.

ಮನೆಗೆ ಓಡಿಬಂದು ಶೆಡ್ಡಿನಲ್ಲಿ ಅರಗು ಕಾಯಿಸಿದರು. ಮೊದಲೇ ಸಿದ್ಧವಿದ್ದ ಮರದ ಹಿಡಿಗೆ ಅದನ್ನು ಸುರಿದು, ಬಾಲ ತೂರಿಸಿ ಗಟ್ಟಿಮಾಡಿ, ಕಲ್ಲಿನ ಮೇಲೆ ಮಸೆದರು. ಸುದ್ದಿಪತ್ರಿಕೆಯ ಹಾಳೆ ಸದ್ದಿಲ್ಲದೆ ಎರಡಾಯಿತು. ಅವರಿಗೆ ಅಳು ಬರುವಷ್ಟು ಸಂತೋಷವಾಯಿತು.

ಐದಕ್ಕೆ ನರ್ಸಮ್ಮ ಬಂದರು, ಬೇಕರಿಯವನು ಬಂದ. ಕಾರ್ಯದರ್ಶಿಯೂ ಬಂದ, ಆದರೆ ಜಗಲಿಯ ಮೇಲೆ ಯಾರೋ ಯಾರೋ ಗುಟ್ಟಾಗಿ ಇಟ್ಟುಹೋಗಿದ್ದ ಹನ್ನೊಂದು ಲೈಬ್ರರಿ ಪುಸ್ತಕಗಳನ್ನು ಕಂಡು, ಅವುಗಳ ಪಟ್ಟಿ ಮಾಡುತ್ತ ಹೊರಗೇ ಉಳಿದ. ಗ್ರಂಥಪಾಲಕರು ಚಾಕುವನ್ನು ಎರಡೂ ಕೈಯಲ್ಲಿ ಹಿಡಿದು ಹೆಂಡತಿಯ ಮುಂದೆ ಚಾಚಿದರು.

ಆಕೆ ಅದನ್ನು ಆಚೀಚೆ ತಿರುಗಿಸಿ ನೋಡಿದಳು. ಕಣ್ಣು ತುಂಬಿ ಬಂತು. "ನಂಗೋಸ್ಕರಾನೇನ್ರೀ? ಎಷ್ಟು ಚೆನ್ನಾಗಿದೆ!" ಎಂದು ಅದನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಕೋಣೆಗೆ ಹೋಗಿ, ಬೀರುವಿನಲ್ಲಿ ಬಟ್ಟೆಗಳ ಅಡಿಗಿಟ್ಟು ಬೀಗ ಹಾಕಿ ಬಂದಳು.

"ಏನೇ ಇದು! ಕೇಕ್ ಕತ್ತರಿಸೋಕೆ ಅಂತ ಮಾಡಿದ್ದು ಅದು!"

"ಹುಚ್ಚೇನ್ರೀ ನಿಮ್ಗೆ? ಅಂಥದ್ದನ್ನ ಯಾರಾದ್ರೂ ಕೇಕಿಗೆ ಮೆತ್ತಿ ಹಾಳು ಮಾಡ್ತಾರಾ? ಅರವತ್ತು ತುಂಬಿದಾಗ ತೆಗೆಯೋಣ," ಎನ್ನುತ್ತ ಆಕೆ ಕೈಗೆತ್ತಿಕೊಂಡದ್ದು ಅದೇ ಹಳೇ ಚಾಕುವನ್ನು.

ಗ್ರಂಥಪಾಲಕರ ಮೂವತ್ತು ವರ್ಷದ ಪಿಸುಮಾತು ಒಡೆಯಿತು. "ಇವತ್ತು ಅದನ್ನ ಬಿಸಾಕದಿದ್ರೆ ನಾನು ನಾನಲ್ಲ!" ಎಂದು ಕೂಗಿ ಅದಕ್ಕೆ ಕೈಹಾಕಿ ಎಳೆದರು. ಆಕೆ ಬಿಡಲಿಲ್ಲ. ಸುತ್ತಿದ ಬಟ್ಟೆ ಬಿಚ್ಚಿಕೊಂಡಿತು, ಹಿಡಿ ಆಕೆಯ ಕೈಯಲ್ಲಿ ಉಳಿಯಿತು, ಮೊಂಡು ಅಲಗು ಇವರ ಕೈಗೆ ಬಂತು.

ಅಲಗಿನ ಬಾಲ ತುಕ್ಕು ಹಿಡಿದಿತ್ತು. ತುಕ್ಕಿನ ನಡುವೆ ಒಂದು ಪುಟ್ಟ ಗುರುತು. ತೆರೆದ ಪುಸ್ತಕ, ಸ್ವಲ್ಪ ಸೊಟ್ಟಗೆ.

ಗ್ರಂಥಪಾಲಕರು ಅಲ್ಲೇ ಇದ್ದ ಕುರ್ಚಿಯ ಮೇಲೆ ಕೂತರು. ರಕ್ತವೇನೂ ಬಂದಿರಲಿಲ್ಲ.

"ನಮ್ಮ ಮದುವೆಯಾದ ವರ್ಷ ಅಮ್ಮನಿಗೆ ನೀವೇ ಕೊಟ್ಟಿದ್ದಲ್ವಾ," ಎಂದಳು ಹೆಂಡತಿ ಮೆಲ್ಲಗೆ. "ದಿನಾ ಅದರಲ್ಲೇ ಹೆಚ್ತಿದ್ಳು. ಎರಡು ಸಲ ಹಿಡಿ ಹಾಕಿಸಿದ್ಳು. ಅಳಿಯ ಮಾಡಿದ್ದು ಅಂತ ಬಂದೋರಿಗೆಲ್ಲ ತೋರಿಸ್ತಿದ್ಳು. ಸವೆದು ಇಷ್ಟಾಯ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಾನೇ ತಂದೆ. ತಂದ ದಿನಾನೇ ನೀವು ಅದನ್ನ ಮಾಡಿದೋನ ವಂಶಾನೆಲ್ಲ ಜಾಲಾಡಿಬಿಟ್ರಿ. ಆಮೇಲೆ ಯಾವ ಬಾಯಲ್ಲಿ ಹೇಳ್ಲಿ? ಮಸೆಯೋಕೆ ಕೊಟ್ರೂ ಹಿಡಿ ಬಿಚ್ಚಿ ನೋಡ್ತಿದ್ರಿ. ಅದಕ್ಕೇ ಮುಟ್ಟೋಕೆ ಬಿಡ್ಲಿಲ್ಲ." ಆಕೆ ಹಿಡಿಯನ್ನು ಅವರ ಕೈಗೆ ಕೊಟ್ಟಳು. "ಶೆಡ್ಡಲ್ಲಿ ಅರಗು ಇನ್ನೂ ಉಳಿದಿರ್ಬೇಕಲ್ಲ. ಹಾಕ್ಕೊಂಡ್ ಬನ್ನಿ, ಕೇಕ್ ಕಾಯ್ತಿದೆ."

"ಹಾಗೇ ಒಂಚೂರು ಮಸೆದು..."

"ಬೇಡ. ಹಾಗೇ ಇರ್ಲಿ."

ಗ್ರಂಥಪಾಲಕರು ಶೆಡ್ಡಿಗೆ ಹೋಗಿ, ಎರಡು ತಿಂಗಳಿಂದ ಓಡಿಸಬೇಕೆಂದಿದ್ದ ಚಾಕುವಿಗೆ ಹಿಡಿ ಗಟ್ಟಿಮಾಡಿ ತಂದುಕೊಟ್ಟರು. ಆಕೆ ಅದನ್ನು ಕೇಕಿನ ಮೇಲೆ ಒತ್ತಿದಳು. ಕೇಕು ಕುಸಿದು ಪುಡಿಪುಡಿಯಾಯಿತು. ಅಷ್ಟರಲ್ಲಿ ಪಟ್ಟಿ ಮುಗಿಸಿ ಒಳಬಂದ ಕಾರ್ಯದರ್ಶಿ ತಟ್ಟೆಯನ್ನೂ ಚಾಕುವನ್ನೂ ನೋಡಿ ಕೆನ್ನೆಗೆ ಕೈ ಹಚ್ಚಿದ.

"ಏನ್ ಸಾರ್ ಇದು! ಯಾವ ದಂಡಪಿಂಡ ಮಾಡಿದ ಚಾಕು? ಮನೇಲಿ ನಿಮ್ಮಂಥೋರಿದ್ದೂ ಇದನ್ನ ಇಟ್ಕೊಂಡಿದೀರಲ್ಲ!"

ನರ್ಸಮ್ಮ ಕೆಮ್ಮಿದರು. ಬೇಕರಿಯವನು ಚಾವಣಿ ನೋಡಿದ. ಗ್ರಂಥಪಾಲಕರು ನೋಯುವ ತೋಳನ್ನು ಉಜ್ಜಿಕೊಳ್ಳುತ್ತ ಹೆಂಡತಿಯತ್ತ ತಿರುಗಿದರು. ಆಕೆ ತುಟಿ ಬಿಚ್ಚದೆ, ನಗು ತಡೆದುಕೊಂಡು, ಎಲ್ಲರಿಗಿಂತ ದೊಡ್ಡ ಪಾಲನ್ನು ಅವರ ತಟ್ಟೆಗೆ ಬಡಿಸುತ್ತಿದ್ದಳು.

"ಯಾರೋ ಹೊಸಬ ಕಣ್ರೀ. ಆಗಿನ್ನೂ ಕಲೀತಾ ಇದ್ದ. ಬಯ್ಬೇಡಿ ಪಾಪ," ಎಂದು ಪಿಸುಗುಟ್ಟಿ, ಅವರು ಕೇಕಿನ ಪುಡಿಯನ್ನು ಚಮಚದಲ್ಲಿ ತಿನ್ನತೊಡಗಿದರು.